ಆಫ್ರಿಕಾದ ರಾಜಧಾನಿಗಳು ಮತ್ತು ಸಿಪ್ಪೆ ಸುಲಿಯದ ಬಾಳೆಹಣ್ಣು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೊಡ್ಡ ಮನುಷ್ಯರು ಚಹಾ ಕುಡಿಯುವುದಿಲ್ಲ, ಬಾಳೆಹಣ್ಣು ತಿನ್ನುತ್ತಾರೆ ಎಂದು ನಾನು ಆರನೆಯ ಇಯತ್ತೆಯವರೆಗೂ ನಂಬಿದ್ದೆ. ನಂಬಿ ಸುಮ್ಮನಿದ್ದರೆ ನನ್ನ ದಡ್ಡತನ ಮನೆಯೊಳಗೇ ಉಳಿಯುತ್ತಿತ್ತು. ನಾನು ಅದನ್ನು ಭಾಲ್ಕಿಯವರೆಗೆ ಹೊತ್ತುಕೊಂಡು ಹೋಗಿ, ಜನ ತುಂಬಿದ ಪಡಸಾಲೆಯಲ್ಲಿ, ಒಬ್ಬ ದೊಡ್ಡ ಮನುಷ್ಯರ ದನಿಯಲ್ಲೇ ಆಡಿ ತೋರಿಸಿ ಬಂದೆ. ಈಗ ಮದುವೆ, ಶಾಲೆಯ ಗ್ಯಾದರಿಂಗ್, ನಿವೃತ್ತರ ಸತ್ಕಾರ ಎಂದು ಎಲ್ಲಿ ಕರೆದರೂ ಹೋಗಿ ಮೈಕು ಹಿಡಿದು ಊರಿನವರ ದನಿ ತೆಗೆಯುವ ನನ್ನನ್ನು ಜನ ಕೇಳುತ್ತಾರೆ, ಈ ವಿದ್ಯೆ ಎಲ್ಲಿ ಕಲಿತ್ರಿ ಅಂತ. ಆಫ್ರಿಕಾದಾಗ ಅನ್ನುತ್ತೇನೆ. ನಗುತ್ತಾರೆ. ನಗಲಿ, ಅದಕ್ಕೇ ಕರೆದಿರುತ್ತಾರೆ. ಆದರೆ ಆ ಆಫ್ರಿಕಾ ನೆನಪಾದರೆ ನನಗೆ ಇವತ್ತಿಗೂ ಮೊದಲು ಬಾಯಿಗೆ ಬರುವುದು ನಗೆಯಲ್ಲ, ತಣ್ಣಗಾದ ಚಹಾದ ಮೇಲಿನ ಕೆನೆ.

ನಮ್ಮ ಮನೆ ಬೀದರದ ನೌಬಾದಿನಲ್ಲಿತ್ತು. ಮುಂದೆ ಒಂದು ಹಾಲು, ಬದಿಗೆ ಮಲಗುವ ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ಬಟ್ಟೆ ಒಗೆಯುವ ಕಲ್ಲು. ಹಾಲಿನಲ್ಲಿ ಬುದ್ಧನ ಪಟ, ಅದರ ಕೆಳಗೆ ಸೋಫಾ. ಅಂಗಡಿಯಿಂದ ತಂದಾಗ ಇದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಅಪ್ಪ ಕೊನೆಯವರೆಗೂ ತೆಗೆಯಗೊಡಲಿಲ್ಲ. ಬೇಸಿಗೆಯಲ್ಲಿ ಚಡ್ಡಿ ಹಾಕಿಕೊಂಡು ಕೂತರೆ ಏಳುವಾಗ ತೊಡೆಯ ಚರ್ಮ ಅಲ್ಲೇ ಉಳಿಯುತ್ತದೇನೋ ಅನ್ನಿಸುವ ಸೋಫಾ ಅದು. ಅಪ್ಪ ಔರಾದದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ರೈಲಿಲ್ಲದ ಊರು, ಬಸ್ಸೇ ಗತಿ. ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಹೋದರೆ ಸಂಜೆ ಡೀಸೆಲ್ ವಾಸನೆಯೊಂದಿಗೆ ಬರುತ್ತಿದ್ದರು, ಬಂದವರೇ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಬೋರಲು ಮಲಗುತ್ತಿದ್ದರು. ಬೀದರಕ್ಕೆ ಬದ್ಲಿ ಆಗಬೇಕು, ವರ್ಗವಾಗಿ ಬರಬೇಕು ಎಂಬುದೊಂದೇ ಅವರ ಆಸೆ. ನಮ್ಮ ಮನೆಯಲ್ಲಿ ಬದ್ಲಿ ಎಂಬ ಮಾತು ಉಪ್ಪು, ಎಣ್ಣೆ ಎಂಬ ಮಾತಿನಷ್ಟೇ ದಿನಬಳಕೆಯದು. ಅವ್ವ ಆಸ್ಪತ್ರೆಯಲ್ಲಿ ನರ್ಸು. ಅವಳ ಬೀಪಿ ಯಂತ್ರ ಒಂದು ನೀಲಿ ಚೀಲದಲ್ಲಿ ಕಪಾಟಿನ ಮೇಲಿರುತ್ತಿತ್ತು. ಓಣಿಯ ಅರ್ಧ ಜನ ತೋಳು ಚಾಚಿಕೊಂಡು ನಮ್ಮ ಮನೆಗೇ ಬರುತ್ತಿದ್ದರು. ಇನ್ನು ಆಯಿ, ಅಪ್ಪನ ತಾಯಿ. ಹಲ್ಲಿಲ್ಲದ ಬಾಯಿ, ಆದರೆ ಕಚ್ಚುವುದರಲ್ಲಿ ಮೊದಲಿನ ಬಲವೇ ಉಳಿದಿತ್ತು.

ಪ್ರತಿ ಭಾನುವಾರ ಬರುತ್ತಿದ್ದವರು ಭಾಲ್ಕಿ ಸರ್. ಅಪ್ಪನಿಗೆ ಭಾಲ್ಕಿಯಲ್ಲಿ ಭೂಗೋಳ ಕಲಿಸಿದ ಮೇಷ್ಟ್ರು, ಆ ಹೊತ್ತಿಗೆ ನಿವೃತ್ತರು. ಮಗಳನ್ನು ಬೀದರಕ್ಕೆ ಕೊಟ್ಟಿದ್ದರು, ಅವಳ ಮನೆಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಇಳಿದು ಅವ್ವನ ಹತ್ತಿರ ಬೀಪಿ ನೋಡಿಸಿಕೊಳ್ಳುತ್ತಿದ್ದರು. ಅವರ ಹೆಂಡತಿಯ ತಮ್ಮ ಬೆಂಗಳೂರಿನಲ್ಲಿ, ಅಪ್ಪನ ಇಲಾಖೆಯಲ್ಲೇ ದೊಡ್ಡ ಹುದ್ದೆಯಲ್ಲಿದ್ದ. ಬದ್ಲಿಯ ಕಾಗದಕ್ಕೆ ಸಹಿ ಬೀಳುವುದು ಅಲ್ಲೇ.

“ನಮ್ಮ ಭಾವಮೈದ ರಾಜಧಾನ್ಯಾಗ ಕುಂತಾನೋ. ಒಂದ್ ಮಾತ್ ಹಾಕ್ತೀನಿ, ಆಗ್ತದ,” ಅನ್ನುತ್ತಿದ್ದರು ಸರ್. ಅಪ್ಪನ ಬೆನ್ನು ಆ ಒಂದು ಮಾತಿಗೆ ವರ್ಷಗಟ್ಟಲೆ ಬಾಗಿಯೇ ಇತ್ತು.

ಭಾನುವಾರ ನಮ್ಮ ಮನೆಯಲ್ಲಿ ಖಂಡದ ಸಾರು, ಮಾಂಸದ ಅಡುಗೆ. ಆದರೆ ಸರ್ ಹೋಗುವವರೆಗೆ ಒಲೆಯ ಮೇಲೆ ಸಾರಿನ ಪಾತ್ರೆ ಇಡುವಂತಿಲ್ಲ. ಅರೆದ ಮಸಾಲೆಯ ವಾಸನೆ ಹೊರಗೆ ಬಾರದಂತೆ ಅಡುಗೆಮನೆಯ ಬಾಗಿಲು ಮುಚ್ಚಿ, ಹಾಲಿನಲ್ಲಿ ಅಪ್ಪ ಕೈತುಂಬ ಊದುಬತ್ತಿ ಹಚ್ಚುತ್ತಿದ್ದರು. ಈರುಳ್ಳಿ, ಬೆಳ್ಳುಳ್ಳಿ, ಮಲ್ಲಿಗೆ ಊದುಬತ್ತಿ ಮೂರೂ ಕೂಡಿ ಹುಟ್ಟುತ್ತಿದ್ದ ಆ ನಾತ ಯಾವ ಕಸಾಯಿಖಾನೆಯಲ್ಲೂ ಇರಲಿಕ್ಕಿಲ್ಲ. ಸರ್ ಬಂದವರೇ ಸೋಫಾದ ಮೇಲೆ ಕೂತು, ಅಂಗಿಯ ತೋಳು ಮಡಚಿ, ಕೈಯನ್ನು ಅವ್ವನ ಮುಂದೆ ಚಾಚುತ್ತಿದ್ದರು. ಅವ್ವ ಪಟ್ಟಿ ಸುತ್ತಿ, ಗಾಳಿ ಊದಿ, ನೋಡಿ ಹೇಳುತ್ತಿದ್ದಳು. ಅವಳು ಒಳಗೆ ಹೋದ ಮೇಲೆ ಸರ್ ಅತ್ತರಿನ ಕರವಸ್ತ್ರ ತೆಗೆದು ಅವಳು ಮುಟ್ಟಿದ ಜಾಗವನ್ನು ಮೊಳಕೈಯಿಂದ ಮೇಲಕ್ಕೆ ಒರೆಸಿಕೊಳ್ಳುತ್ತಿದ್ದರು. ಬೆವರು ಎಂದುಕೊಂಡಿದ್ದೆ.

ಆಮೇಲೆ ನನ್ನ ಸರದಿ. ಶಾಲೆಯಲ್ಲಿ ಎಸೆಯಲು ತೆಗೆದಿಟ್ಟಿದ್ದ ಆಫ್ರಿಕಾದ ಹಳೆಯ ನಕಾಶೆಯೊಂದನ್ನು ಸರ್ ನಮಗೆ ದಾನ ಮಾಡಿದ್ದರು. ಅದು ಬುದ್ಧನ ಪಟದ ಪಕ್ಕ ನೇತಾಡುತ್ತಿತ್ತು. ಸಹಾರಾದ ಮೇಲೆ ಜಿರಳೆ ತಿಂದ ತೂತುಗಳು, ಮಡಗಾಸ್ಕರಿನ ಮೇಲೆ ಯಾರೋ ಎಂದೋ ಚೆಲ್ಲಿದ ಶಾಯಿ. ಯುರೋಪಿನ ರಾಜಧಾನಿ ಎಲ್ಲರೂ ಹೇಳ್ತಾರ, ಆಫ್ರಿಕಾ ಹೇಳಿದವನೇ ಗಂಡಸು ಎನ್ನುವುದು ಸರ್ ಅವರ ಸಿದ್ಧಾಂತ. ನಾನು ಗಂಡಸಾಗಲು ಹೊರಟೆ. ಕೈಕಟ್ಟಿ ನಿಂತು, ಕಣ್ಣು ಮುಚ್ಚಿ, ರೈಲಿನ ಹಾಗೆ ಹೇಳುತ್ತ ಹೋಗುತ್ತಿದ್ದೆ.

“ನೈಜೀರಿಯಾ?”

“ಅಬುಜಾ!”

“ದೊಡ್ಡ ಊರು?”

“ಲಾಗೋಸ್!”

“ಟಾಂಜಾನಿಯಾ?”

“ಡೊಡೊಮಾ! ದೊಡ್ಡ ಊರು ದಾರ್ ಎಸ್ ಸಲಾಮ್!”

“ಮೊರಾಕೊ?”

“ರಬಾತ್! ದೊಡ್ಡ ಊರು ಕಾಸಾಬ್ಲಾಂಕಾ!”

ದಕ್ಷಿಣ ಆಫ್ರಿಕಾ ಬಂದಾಗ ನನ್ನ ಎದೆ ಉಬ್ಬುತ್ತಿತ್ತು. ಅದಕ್ಕೆ ಮೂರು ರಾಜಧಾನಿ, ಪ್ರಿಟೋರಿಯಾ, ಕೇಪ್‌ಟೌನ್, ಬ್ಲೋಮ್‌ಫಾಂಟೇನ್. ಎಲ್ಲಕ್ಕಿಂತ ದೊಡ್ಡದಾದ ಜೋಹಾನ್ಸ್‌ಬರ್ಗಿಗೆ ಮಾತ್ರ ಆ ಮೂರರಲ್ಲಿ ಜಾಗವಿಲ್ಲ. ಮುಗಿದ ಮೇಲೆ ಸರ್ ನನ್ನ ಗಲ್ಲ ಹಿಂಡುತ್ತಿದ್ದರು. ಗಲ್ಲ ಮುಟ್ಟಬಹುದಿತ್ತು ನೋಡಿ. ನಕಾಶೆ ಹಳೆಯದಾದ್ದರಿಂದ ನೈಜೀರಿಯಾದಲ್ಲಿ ಲಾಗೋಸಿಗೇ ರಾಜಧಾನಿಯ ಗುರುತಿತ್ತು. ಸರ್ ಒಂದು ದಿನ ಬಾಲ್‌ಪೆನ್ನಿನಿಂದ ಅದನ್ನು ಹೊಡೆದುಹಾಕಿ ನಡುವೆ ಅಬುಜಾ ಎಂದು ಬರೆದರು.

“ಇವ್ರ ರಾಜಧಾನಿ ಬದ್ಲಿ ಆಗ್ಯಾದ,” ಅಂದರು.

“ಇಡೀ ರಾಜಧಾನಿನೇ ಬದ್ಲಿ ಆಗ್ತದ್ರಿ ಸರ್, ನಂದೊಂದು ಆಗವಲ್ದು,” ಅಂದರು ಅಪ್ಪ. ನಗೆಚಾಟಿಕೆ ಎಂದುಕೊಂಡು ಸರ್ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ.

ದೊಡ್ಡ ಊರು ಬಿಟ್ಟು ಸಣ್ಣ ಊರಲ್ಲಿ ರಾಜಧಾನಿ ಯಾಕೆ ಇಡುತ್ತಾರೆ ಎಂದು ಆ ದಿನ ನಾನು ಕೇಳಿದೆ.

“ಊರು ದೊಡ್ಡದಿದ್ರ ಏನಾತಲೇ? ಎಲ್ಲಿ ಕುಂತು ಬ್ಯಾಡ ಅಂದ್ರ ಬ್ಯಾಡ ಆಗ್ತದೋ ಅದು ರಾಜಧಾನಿ,” ಅಂದರು ಸರ್. ಆ ಮನುಷ್ಯ ನನಗೆ ಕಲಿಸಿದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಪಾಠ ಅದೊಂದೇ. ಅವರಿಗೇ ಉಪಯೋಗವಾಗಲಿಲ್ಲ, ಆ ಮಾತು ಬೇರೆ.

ಇನ್ನು ಉಪಚಾರ. ಅವ್ವ ಪ್ರತಿ ಸಲವೂ ಚಹಾ ಮಾಡಿ, ಹೂವಿನ ಕಪ್ಪಿಗೆ ಸೋಸಿ, ಬಸಿಯ ಮೇಲಿಟ್ಟು ತರುತ್ತಿದ್ದಳು. ಪ್ರತಿ ಸಲವೂ ಸರ್ ಮೊದಲು ಸಣ್ಣಗೆ ಕೆಮ್ಮಿ, ಕರವಸ್ತ್ರದಿಂದ ತುಟಿ ಒತ್ತಿಕೊಂಡು, ಕಪ್ಪನ್ನು ನೋಡದೆ ಗೋಡೆ ನೋಡುತ್ತ ಹೇಳುತ್ತಿದ್ದರು.

“ಬ್ಯಾಡ್ರಿ ಸಿಸ್ಟರ್, ಈಗ್ ಆಗ್ಯಾದ.”

ಆಗ ಆಯಿ ಸ್ಟೀಲಿನ ತಾಟಿನಲ್ಲಿ ಎರಡು ಬಾಳೆಹಣ್ಣು ತಂದಿಡುತ್ತಿದ್ದಳು. ಅವನ್ನು ತೊಳೆಯುವಂತಿರಲಿಲ್ಲ. ಒಮ್ಮೆ ಹಣ್ಣಿನ ಬಂಡಿಯ ಧೂಳು ಕಂಡು ನಾನು ನಳದ ಕೆಳಗೆ ಹಿಡಿದಾಗ ಆಯಿ ಕೈಮೇಲೆ ಫಟ್ಟನೆ ಹೊಡೆದಿದ್ದಳು. ಸರ್ ಆ ಧೂಳಿನ ಹಣ್ಣನ್ನು ಕರವಸ್ತ್ರದಿಂದ ಒರೆಸಿ, ಸುಲಿದು, ಬೆರಳು ತಾಕದಂತೆ ತುದಿಯಿಂದ ಕಚ್ಚಿ ತಿನ್ನುತ್ತಿದ್ದರು. ಬಾಯಿ ಮುಚ್ಚಿ ತಿನ್ನುವ ಅಭ್ಯಾಸ ಅವರಿಗಿರಲಿಲ್ಲ. ಚಪ್ಪರಿಸುವ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಸಿಪ್ಪೆಯ ಒಳಗಿನ ನಾರುಗಳನ್ನು ಒಂದೊಂದಾಗಿ ಕಿತ್ತು ಸೋಫಾದ ಕೈಗೆ ಅಂಟಿಸುತ್ತಿದ್ದರು, ಅವು ಒಣಗಿ ಕಪ್ಪಾಗಿ, ಸೋಮವಾರ ನಾನು ಉಗುರಿನಿಂದ ಕೆರೆಯಬೇಕು. ಆಮೇಲೆ ಅಡಿಕೆ. ಅದನ್ನು ಅಗಿದು ಉಗಿಯಲು ಅಂಗಳದಲ್ಲಿ ಅವ್ವನ ಕರಿಬೇವಿನ ಕುಂಡ. ನಮ್ಮ ಮನೆಯ ಒಗ್ಗರಣೆಯಲ್ಲಿ ಭಾಲ್ಕಿ ಸರ್ ಅವರ ಉಗುಳಿನ ಪಾಲು ಎಷ್ಟಿತ್ತೋ ಎಂದು ನೆನೆದು ಈಗಲೂ ಕರಿಬೇವನ್ನು ತಾಟಿನ ಬದಿಗೆ ಸರಿಸುತ್ತೇನೆ. ಅವರು ಹೋದ ಮೇಲೆ ಆ ಚಹಾ ಚೆಲ್ಲುವಂತಿಲ್ಲ, ಹಾಲಿನ ಚಹಾ. ಕೆನೆ ಸುಕ್ಕುಗಟ್ಟಿ ಕಪ್ಪಿನ ಅಂಚಿಗೆ ಅಂಟಿಕೊಂಡಿರುತ್ತಿತ್ತು. ಅದನ್ನು ಬಾಗಿಲ ಹಿಂದೆ ನಿಂತು ಗಟಗಟ ಕುಡಿಯುತ್ತಿದ್ದವನು ನಾನು. ದೊಡ್ಡವರ ಕಪ್ಪು, ನನಗೆ ಬಹುಮಾನ ಎಂದುಕೊಂಡು. ನನ್ನ ಬಗ್ಗೆ ನನಗೇ ಹೇಸಿಗೆ ಆಗುವುದು ಇಲ್ಲಿ.

ಪಕ್ಕದ ಮನೆಯ ಖಾಲಾ ಬಂದರೆ ಈ ವಿಧಿಗಳು ಒಂದೂ ಇರಲಿಲ್ಲ. ಆಕೆ ನೇರ ಅಡುಗೆಮನೆಗೆ ನುಗ್ಗಿ, ಪಾತ್ರೆಯ ಮುಚ್ಚಳ ತೆಗೆದು ನೋಡಿ, ಚಹಾ ತಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಆದ್ದರಿಂದ ಖಾಲಾ ದೊಡ್ಡ ಮನುಷ್ಯಳಲ್ಲ ಎಂಬುದು ನನ್ನ ಲೆಕ್ಕ. ಒಮ್ಮೆ ಆಕೆಯ ಮುಂದೆ ಕೆಮ್ಮಿ, ತುಟಿ ಒತ್ತಿಕೊಂಡು, “ಬ್ಯಾಡ್ರಿ ಸಿಸ್ಟರ್, ಈಗ್ ಆಗ್ಯಾದ” ಎಂದು ಸರ್ ಅವರ ದನಿ ತೆಗೆದೆ. ನಾನು ತೆಗೆದ ಮೊದಲ ದನಿ ಅದು.

“ಅರೆ ತೋತಾ! ಹೂಬಹೂ ಅದೇ ಮನುಷ್ಯಾ ಬಂದಂಗಾತಲ್ಲೋ!” ಎಂದು ನನ್ನನ್ನು ಗಿಣಿ ಮಾಡಿ ಖಾಲಾ ಹೊಟ್ಟೆ ಹಿಡಿದು ನಕ್ಕಳು. ನಕ್ಕು ನಕ್ಕು ಅವ್ವನ ಮುಖ ನೋಡಿ ತಟ್ಟನೆ ನಿಲ್ಲಿಸಿದಳು. ಅವ್ವ ಚಹಾ ಸೋಸುತ್ತಲೇ ಇದ್ದಳು, ಕಪ್ಪು ತುಂಬಿ ಬಸಿಗೆ ಹರಿದಿದ್ದು ಅವಳಿಗೆ ಕಂಡಿರಲಿಲ್ಲ.

ಆ ವರ್ಷ ಬೆಂಗಳೂರಿನ ಭಾವಮೈದ ಭಾಲ್ಕಿಗೆ ಬರುವವನಿದ್ದ. ಸರ್ ತಮ್ಮ ಮನೆಯಲ್ಲಿ ನಿವೃತ್ತ ಮೇಷ್ಟ್ರುಗಳನ್ನೆಲ್ಲ ಕರೆದಿದ್ದರು. ಅಪ್ಪನಿಗೆ ಹೇಳಿ ಕಳಿಸಿದರು, ಹುಡುಗನ್ನ ಕರ್ಕೊಂಡು ಬಾ, ಆಫ್ರಿಕಾ ಹೇಳಿಸೋಣ, ಆಮ್ಯಾಲ ನಿನ್ನ ಬದ್ಲಿ ಮಾತು ತೆಗೀತೀನಿ. ಅಪ್ಪ ಇಸ್ತ್ರಿ ಮಾಡಿಸಿದ ಅಂಗಿ ಹಾಕಿದರು, ನನ್ನ ತಲೆಗೆ ಇಳಿದು ಬರುವಷ್ಟು ಎಣ್ಣೆ ಹಚ್ಚಿದರು. ಅವ್ವ ಬರಲಿಲ್ಲ, ಡ್ಯೂಟಿ ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪ ನನ್ನಿಂದ ರಾಜಧಾನಿಗಳನ್ನು ಹೇಳಿಸಿದರು. ಬಾಯಿಪಾಠ ಒಪ್ಪಿಸುತ್ತಿದ್ದವನು ನಾನು, ಬೆವರುತ್ತಿದ್ದವರು ಅವರು.

ಭಾಲ್ಕಿಯ ಆ ಪಡಸಾಲೆ ನಮ್ಮ ಇಡೀ ಮನೆಗಿಂತ ದೊಡ್ಡದು. ನಾನು ನಡುವೆ ನಿಂತು ಕೈರೋದಿಂದ ಕೇಪ್‌ಟೌನಿನವರೆಗೆ ಒಂದೇ ಉಸಿರಿನಲ್ಲಿ ಓಡಿದೆ. ಒಂದೂ ತಪ್ಪಲಿಲ್ಲ. ಚಪ್ಪಾಳೆ ಬಿತ್ತು. ಭಾವಮೈದ ದಪ್ಪ ಹೊಟ್ಟೆ ಕುಣಿಸಿ ಭಲೇ ಅಂದ. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಅವರಿಗೆ ಕೂಡ್ರಿ ಎಂದು ಯಾರೂ ಹೇಳಿರಲಿಲ್ಲ, ಅದು ನನಗೆ ಕಂಡಿದ್ದು ಬಹಳ ವರ್ಷಗಳ ನಂತರ, ನೆನಪಿನಲ್ಲಿ. ಆಮೇಲೆ ಚಹಾ ಬಂತು. ಎಲ್ಲರಿಗೂ ಬಿಳಿ ಪಿಂಗಾಣಿ ಕಪ್ಪು, ಚಿನ್ನದ ಅಂಚು. ಅಪ್ಪನಿಗೂ ನನಗೂ ಕಾಗದದ ಲೋಟ. ಅವನ್ನು ಕೈಗೆ ಕೊಡಲಿಲ್ಲ, ತಂದವನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಅಪ್ಪ ಎತ್ತಿಕೊಂಡರು. ನನಗೆ ಮಾತ್ರ ಚಪ್ಪಾಳೆಯ ಅಮಲು. ಆಫ್ರಿಕಾ ಗೆದ್ದು ಬಂದವನು ನಾನು, ಇನ್ನು ಚಹಾ ಕುಡಿಯುವ ಸಣ್ಣ ಜಾತಿಯ ಮನುಷ್ಯನೇ? ಸಣ್ಣಗೆ ಕೆಮ್ಮಿದೆ. ಕರವಸ್ತ್ರದಿಂದ ತುಟಿ ಒತ್ತಿಕೊಂಡೆ. ಗೋಡೆ ನೋಡುತ್ತ, ಆ ಮನೆಯ ಯಜಮಾನರ ದನಿಯಲ್ಲೇ, ಗಂಭೀರವಾಗಿ ಹೇಳಿದೆ.

“ಬ್ಯಾಡ್ರಿ, ಈಗ್ ಆಗ್ಯಾದ. ಬಾಳೆಹಣ್ಣ್ ಇದ್ರ ತರ್ರಿ. ತೊಳಿಬ್ಯಾಡ್ರಿ ಮತ್ತ, ಸಿಪ್ಪಿ ನಾನೇ ಸುಲ್ಕೋತೀನಿ.”

ಒಂದು ಕ್ಷಣ ಭಾವಮೈದನೊಬ್ಬನೇ ಗಹಗಹಿಸಿದ. ಉಳಿದವರು ಕಪ್ಪಿನಲ್ಲಿ ಮುಖ ಹುದುಗಿಸಿದರು. ಸರ್ ಮುಖದ ಬಣ್ಣ ಅಡಿಕೆ ಉಗುಳಿನ ಬಣ್ಣಕ್ಕೆ ತಿರುಗಿತ್ತು. ಅಪ್ಪ ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ಸುರಿದುಕೊಂಡು, ಲೋಟ ಹಿಚುಕಿ ಜೇಬಿಗೆ ಹಾಕಿಕೊಂಡು, ನನ್ನ ರಟ್ಟೆ ಹಿಡಿದು ಹೊರಗೆ ನಡೆದರು. ಬೈಯಲಿಲ್ಲ. ನಾಲಿಗೆ ಸುಟ್ಟು ಬೊಬ್ಬೆ ಎದ್ದಿತ್ತು, ಬೈಯಲು ಬರುವಂತೆಯೂ ಇರಲಿಲ್ಲ. ಬಸ್ಸಿನಲ್ಲಿ ನಾನು ಕೇಳಿದೆ, ಅಪ್ಪಾ, ಬಾಳೆಹಣ್ಣು ಯಾಕ ಕೊಡಲಿಲ್ಲ ಅಂತ. ಅವರು ಮುಖ ಕಿಟಕಿಗೆ ತಿರುಗಿಸಿದರು.

ಮನೆಗೆ ಬಂದು ನಡೆದಿದ್ದನ್ನು ಒದರಿದೆ. ಆಯಿ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಏ ಹುಚ್ಚಪ್ಪಾ, ದೊಡ್ಡಸ್ತಿಕಿ ಅಲ್ಲೋ ಅದು. ಚಾದಾಗ ನಮ್ಮ ನೀರು ಇರ್ತದ. ಬಾಳೆಹಣ್ಣಿಗಿ ಸಿಪ್ಪಿ ಇರ್ತದ, ಸುಲದು ಒಗದ್ರ ನಮ್ಮ ಕೈ ಹೋತು. ಅವರು ಬರೋ ಮನ್ಯಾಗೆಲ್ಲ ನಾವು ಹಿಂಗೇ ಇಡ್ತಿದ್ವಿ, ನಮ್ಮತ್ತಿ ಕಾಲದಿಂದ.”

“ನೀವು ಇಟ್ಟೀರಿ ಅಂತನೇ ಅವರು ತಿಂದಾರ,” ಅಂದಳು ಅವ್ವ.

“ಹಣ್ಣೂ ಇಡದಿದ್ರ ಬರ್ತಿದ್ದಿಲ್ಲವಾ. ನನ್ನ ಮಗನ ಬದ್ಲಿ ನೀ ಮಾಡಿಸ್ತಿದ್ದಿ?”

“ಬರೋದು ಬ್ಯಾಡಾಗಿತ್ತು.”

“ಸುಮ್ನಿರ್ರಿ ಇಬ್ರೂ!” ಅಂದರು ಅಪ್ಪ, ಸುಟ್ಟ ನಾಲಿಗೆಯಲ್ಲಿ ತೊದಲುತ್ತ.

ನಾನು ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೂತೆ. ನಾನು ಕುಡಿದ ಕೆನೆಗಟ್ಟಿದ ಚಹಾಗಳೆಲ್ಲ, ಕೆರೆದ ನಾರುಗಳೆಲ್ಲ, ಹಿಂಡಿಸಿಕೊಂಡ ಗಲ್ಲ, ಆ ಅತ್ತರಿನ ಕರವಸ್ತ್ರ, ಒಂದರ ಹಿಂದೊಂದು ಹೊಟ್ಟೆಯಿಂದ ಎದ್ದು ಬಂದವು. ವಾಂತಿಯಾಯಿತು. ಬೆನ್ನು ಸವರಲು ಬಂದ ಅವ್ವ ಬಾಯಿ ತೊಳೆಸಿ, ಪಕ್ಕ ಕೂತು, ಒಂದು ವಿಚಿತ್ರ ಮಾತು ಕೇಳಿದಳು.

“ಭಾಲ್ಕ್ಯಾಗ ಹ್ಯಾಂಗ್ ಅಂದಿ? ಇನ್ನೊಮ್ಮಿ ಅನ್ನು.”

ಹೆದರುತ್ತ ಅಂದು ತೋರಿಸಿದೆ. ರೋಗಿಯ ಎದೆಬಡಿತ ಕೇಳುವಾಗ ತಲೆ ವಾಲಿಸುವಂತೆ ವಾಲಿಸಿ ಕೇಳಿದಳು.

“ಕೆಮ್ಮು ಜೋರಾತು. ಅವರದು ಇನ್ನೂ ಸಣ್ಣದು, ಮೂಗಿನಾಗಿಂದ ಬರ್ತದ. ಮತ್ತ ಆಗ್ಯಾದ ಅನ್ನೋ ಮುಂದ ಹುಬ್ಬು ಎತ್ತತಾರ.”

ಇಷ್ಟು ವರ್ಷ ಕಪ್ಪು ಹಿಡಿದು ನಿಂತವಳು ಏನೇನು ನೋಡಿದ್ದಳು ಎಂಬುದು ನನಗೆ ಆಗ ಗೊತ್ತಾಯಿತು. ನನ್ನದು ಹುಟ್ಟಿನಿಂದ ಬಂದ ವಿದ್ಯೆ, ಯಾರ ಕಡೆಯಿಂದ ಬಂದದ್ದು ಎಂಬುದೂ.

ಮುಂದಿನ ಭಾನುವಾರ ಸರ್ ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಬಂದರು. ಬೀಪಿ ಯಾರನ್ನೂ ಬಿಡುವುದಿಲ್ಲ. ಅಪ್ಪ ಎಂದಿಗಿಂತ ಹೆಚ್ಚು ಊದುಬತ್ತಿ ಹಚ್ಚಿದ್ದರು. ಆದರೆ ಅವತ್ತು ಅಡುಗೆಮನೆಯ ಬಾಗಿಲು ಮುಚ್ಚಿರಲಿಲ್ಲ. ಅವ್ವ ಆಗಲೇ ಒಲೆಯ ಮೇಲೆ ಖಂಡದ ಸಾರು ಇಟ್ಟಿದ್ದಳು. ಅದು ಕೊತಕೊತ ಕುದಿಯುವ ಸದ್ದು ಹಾಲಿಗೆ ಬರುತ್ತಿತ್ತು. ಸರ್ ಮೂಗು ಮುಚ್ಚಿಕೊಳ್ಳಲಾರದೆ, ಉಸಿರಾಡಲಾರದೆ ಸೋಫಾದ ತುದಿಯಲ್ಲಿ ಕೂತರು.

“ನೋಡಪ್ಪಾ,” ಅಂದರು ಅಪ್ಪನಿಗೆ, “ನಮ್ಮ ಭಾವಮೈದ ನಗೋ ಮನುಷ್ಯಾ, ತಿಳ್ಕೊಂಡಾನ. ಕಾಗದ ತಯಾರ್ ಅದ, ಸಹಿ ಒಂದು ಬೀಳಬೇಕು. ಆದ್ರ ಆ ಕೂಟದಾಗ ನನ್ನ ಮಾನ ಹೋಗ್ಯಾದ. ಹುಡುಗ ಭಾಲ್ಕಿಗಿ ಬಂದು ಎಲ್ಲಾರ ಮುಂದ ಕಾಲು ಹಿಡಕೊಂಡು ತಪ್ಪಾತು ಅನ್ನಲಿ. ಮುಂದಿನ ಸೋಮವಾರದಿಂದ ನೀ ಬೀದರದಾಗ.”

ಅಪ್ಪ ನನ್ನ ಕಡೆ ನೋಡಿದರು. ಸೊಂಟದ ಮೇಲೆ ಕೈ ಇತ್ತು, ಬಸ್ಸಿನಿಂದ ಇಳಿದ ಮೇಲೆ ಇಡುತ್ತಿದ್ದ ಹಾಗೆ. ಹೂಂ ಅನ್ನಲು ಬಾಯಿ ತೆರೆದಿದ್ದರು, ನಾನು ಆಣೆ ಮಾಡಿ ಹೇಳಬಲ್ಲೆ. ನಾನೂ ಒಪ್ಪುತ್ತಿದ್ದೆ. ಕಾಲು ಹಿಡಿಯುವುದಾದರೆ ಹೇಗೆ ಹಿಡಿದರೆ ಚಪ್ಪಾಳೆ ಬೀಳುತ್ತದೆ ಎಂದು ನನ್ನ ಹಾಳು ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಅಷ್ಟರಲ್ಲಿ ಅವ್ವ ಒಳಗಿಂದ ಬಂದಳು. ಕೈಯಲ್ಲಿ ಚಹಾದ ಕಪ್ಪು ಇರಲಿಲ್ಲ, ಸ್ಟೀಲಿನ ತಾಟಿತ್ತು, ಅದರಲ್ಲಿ ಎರಡು ಬಾಳೆಹಣ್ಣು. ತೊಳೆದ ಹಣ್ಣು. ಸಿಪ್ಪೆಯ ಮೇಲೆ ನೀರಿನ ಹನಿಗಳು ನಿಂತಿದ್ದವು. ತಾಟನ್ನು ಅವರ ಮುಂದಿಟ್ಟಳು. ಸರ್ ಅದನ್ನು ನೋಡಿದರು, ನೋಡದವರಂತೆ ಮಾಡಿದರು. ಅಂಗಿಯ ತೋಳು ಮಡಚಿ ರೂಢಿಯಂತೆ ಕೈಯನ್ನು ಅವಳ ಮುಂದೆ ಚಾಚಿದರು.

“ಸಿಸ್ಟರ್, ಬೀಪಿ ನೋಡ್ರಿ ಮೊದಲ. ಭಾಲ್ಕ್ಯಾಗಿಂದು ಆದ ಮ್ಯಾಲ ತಲಿ ಭಾಳ ಸುತ್ತಲತದ.”

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವ್ವನ ಮಾತಿನ ಮೇಲೆ ನಾನು ಮಾತಾಡುವುದಿಲ್ಲ. ಅಪ್ಪ ನಿವೃತ್ತರಾಗುವವರೆಗೂ ಔರಾದದ ಬಸ್ಸಿನಲ್ಲೇ ಓಡಾಡಿದರು. ಅವರ ಸೊಂಟ ಇವತ್ತಿಗೂ ನೆಟ್ಟಗಿಲ್ಲ. ಅದರ ಬಗ್ಗೆ ಅವರು ಅವ್ವನನ್ನು ಒಮ್ಮೆಯೂ ಅಂದಿಲ್ಲ, ಆಯಿ ಮಾತ್ರ ಸಾಯುವವರೆಗೂ ಬಿಡಲಿಲ್ಲ. ನಕಾಶೆಯನ್ನು ಜಿರಳೆಗಳು ತಿಂದು ಮುಗಿಸಿದವು. ನಮ್ಮ ಮನೆಯಲ್ಲಿ ಮುಂದಿನ ಹಾಲ್ ಲಾಗೋಸ್ ಆಗಿತ್ತು, ದೊಡ್ಡ ಊರು ಅಷ್ಟೇ. ರಾಜಧಾನಿ ಎಲ್ಲಿತ್ತು ಎಂಬುದು ಅವತ್ತು ನಮ್ಮೆಲ್ಲರಿಗೂ, ಅಪ್ಪನಿಗೂ, ತಿಳಿಯಿತು. ಚಾಚಿದ ತೋಳು ಗಾಳಿಯಲ್ಲೇ ಇತ್ತು. ನೀಲಿ ಚೀಲ ಕಪಾಟಿನ ಮೇಲೆಯೇ ಇತ್ತು. ಅವ್ವ ಮೂಗಿನಿಂದ ಸಣ್ಣಗೆ ಕೆಮ್ಮಿದಳು. ಸೆರಗಿನ ತುದಿಯಿಂದ ತುಟಿ ಒತ್ತಿಕೊಂಡಳು. ಅವರ ತೋಳು ನೋಡದೆ ಗೋಡೆ ನೋಡುತ್ತ, ಹುಬ್ಬೆತ್ತಿ, ಅವರದೇ ದನಿಯಲ್ಲಿ, ನಾನು ಇಷ್ಟು ವರ್ಷ ಮೈಕಿನ ಮುಂದೆ ಎಷ್ಟು ಪ್ರಯತ್ನಪಟ್ಟರೂ ತೆಗೆಯಲಾಗದಷ್ಟು ಹೂಬಹೂ ದನಿಯಲ್ಲಿ ಹೇಳಿದಳು:

“ಬ್ಯಾಡ್ರಿ ಸರ್, ಈಗ್ ಆಗ್ಯಾದ.”